ಡಿಗ್ರಿಯ ನಂತರದ ನಲವತ್ತೆರಡು

ಜುಲೈ 4, ಮಧ್ಯಾಹ್ನ

ಆಂಬುಲೆನ್ಸ್ ಕಂಟ್ರೋಲ್ ರೂಮಿನ ಬೆಳಗಿನ ಪಾಳಿ ಮುಗಿಯಿತು. ಹೆಡ್‌ಫೋನ್ ಒತ್ತಿ ಎಡಗಿವಿ ಕೆಂಪು. ಏಣಿಯಿಂದ ಬಿದ್ದ ಪೇಂಟರ್, ಉಬ್ಬಸದ ಅಜ್ಜಿ, ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡ ಮಗು... ಎಲ್ಲರಿಗೂ ಆಂಬುಲೆನ್ಸ್ ಹೋಯಿತು. ಇಷ್ಟು ವರ್ಷ ಇದೇ ಕುರ್ಚಿ, ಇದೇ ಪ್ರಶ್ನೆ: ‘ಹತ್ತಿರ ಏನಿದೆ ಹೇಳಿ.’ ಪೆಟ್ರೋಲ್ ಬಂಕ್ ಎದುರು. ನೀಲಿ ಗೇಟಿನ ಪಕ್ಕ. ನೀರಿನ ಟ್ಯಾಂಕ್ ದಾಟಿ ಎಡಕ್ಕೆ. ಊರೆಲ್ಲ ನನ್ನ ನಾಲಿಗೆಯ ತುದಿಯಲ್ಲಿದೆ.

ಅದು ಇನ್ನು ಸಾಲದಂತೆ. ಹೊಸ ಪರದೆ, ಹೊಸ ನಕ್ಷೆ. ಅಕ್ಷಾಂಶ, ರೇಖಾಂಶ ಹಾಕಿ ಜಾಗ ಹಿಡಿಯಬೇಕಂತೆ. ಎಲ್ಲರಿಗೂ ತರಬೇತಿ, ಕೊನೆಗೆ ಪರೀಕ್ಷೆ. ಪಾಸಾಗದವರು ಫೋನ್ ಬಿಟ್ಟು ಸ್ಟೋರ್‌ರೂಮಿಗೆ. ನನಗೆ ಐವತ್ತಾರು. ಭೂಗೋಳ ಶಾಲೆಯಲ್ಲೇ ಕಬ್ಬಿಣದ ಕಡಲೆ.

ಪಾಠಕ್ಕೆ ಸರ್ವೆ ಆಫೀಸಿನಿಂದ ಬರುವವರು ಯಾರೆಂದು ನೋಟಿಸ್ ಬೋರ್ಡಿನಲ್ಲಿ ಓದಿದೆ. ನನ್ನ ಸೊಸೆ!

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಈ ಗಾದೆ ಕಟ್ಟಿದವರು ನಮ್ಮ ಮನೆ ನೋಡಿಯೇ ಕಟ್ಟಿರಬೇಕು.

ಅದೇ ದಿನ, ಸಂಜೆ

ಊಟಕ್ಕೆ ಕೂತಾಗ ಅವಳೇ ಮಾತು ತೆಗೆದಳು.

“ಅತ್ತೆ, ಕ್ಲಾಸಲ್ಲಿ ನಾವು ಒಂದೇ ಮನೆಯವರು ಅಂತ ಹೇಳೋದು ಬೇಡ. ನೀವು ಪಾಸಾದ್ರೆ, ಸೊಸೆ ಪಾಸ್ ಮಾಡಿಸಿದಳು ಅಂತಾರೆ.”

“ಫೇಲಾದ್ರೆ?”

“ಸೊಸೆ ಸೇಡು ತೀರಿಸ್ಕೊಂಡಳು ಅಂತಾರೆ.”

ಮಗ ನಕ್ಕ. ಇಬ್ಬರೂ ಒಟ್ಟಿಗೆ ದುರುಗುಟ್ಟಿದೆವು. ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದ.

ಜುಲೈ 9

ಮೊದಲ ಕ್ಲಾಸ್. ಗೋಳದ ಮೇಲೆ ಗೆರೆಗಳು. ಅಡ್ಡಗೆರೆ ಅಕ್ಷಾಂಶ, ಉದ್ದಗೆರೆ ರೇಖಾಂಶ. ಎರಡೂ ಸೇರಿದರೆ ಭೂಮಿಯ ಮೇಲೆ ಒಂದೇ ಒಂದು ಚುಕ್ಕೆ, ಮನೆ ವಿಳಾಸದ ಹಾಗೆ. ಅಷ್ಟರವರೆಗೆ ಸರಿ. ಆಮೇಲೆ ನನ್ನನ್ನೇ ಎಬ್ಬಿಸಿ ನಿಲ್ಲಿಸಿ ಕೇಳಿದಳು. ಅಡ್ಡವನ್ನು ಉದ್ದ ಮಾಡಿ ಹೇಳಿದೆ.

“ತಪ್ಪು. ಮುಂದಿನವರು.”

ತಪ್ಪು! ಬರೀ ತಪ್ಪು! ಸಿಟ್ಟು ನೆತ್ತಿಗೇರಿತು. ನಾನು ಬಡಿಸಿದ ತಿಂಡಿ ತಿಂದು ಬಂದವಳು.

ಮನೆಗೆ ಬರುವಾಗ ಬಸ್ಸಿನಲ್ಲಿ ಯೋಚಿಸಿದೆ. ನನ್ನ ಪಕ್ಕದ ಸೀಟಿನ ‘ರೇಡಿಯೋ’ಗೂ ಹಾಗೇ ಹೇಳಿದಳು. (ಊರ ಸುದ್ದಿಯೆಲ್ಲ ಅವನಲ್ಲಿರುತ್ತದೆ, ಅದಕ್ಕೇ ಆ ಹೆಸರು.) ಮೇಲ್ವಿಚಾರಕರಿಗೂ ಹಾಗೇ ಹೇಳಿದಳು. ಯಾರಿಗೂ ಒಂದು ಗುಲಗಂಜಿ ಹೆಚ್ಚಿಲ್ಲ, ಕಡಿಮೆ ಇಲ್ಲ. ಮನೆಯಲ್ಲಿ ಮಿಕ್ಸಿ ಹಾಕಲು ಹೆದರುವ ಹುಡುಗಿ ಅಲ್ಲಿ ಹೇಗೆ ನಿಂತಿದ್ದಳು—ನೋಡಬೇಕಿತ್ತು. ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಇಟ್ಟುಕೊಂಡಿದ್ದೇನೆ.

ಜುಲೈ 11

ಮನೆಯಲ್ಲಿ ಪಾಠ ಬೇಡ ಎಂದುಕೊಂಡಿದ್ದೆ. ತಡೆಯಲಾಗಲಿಲ್ಲ. ಬಟ್ಟೆ ಮಡಿಸುತ್ತ ಕೇಳಿದೆ.

“ಡಿಗ್ರಿ ಆದ್ಮೇಲೆ ನಿಮಿಷ ಅಂದ್ಯಲ್ಲ. ಗಡಿಯಾರದ್ದೇನೇ?”

“ಅಲ್ಲ ಅತ್ತೆ, ಹೆಸರು ಮಾತ್ರ ಅದು. ಒಂದು ಡಿಗ್ರೀನ ಅರವತ್ತು ಚೂರು ಮಾಡಿದ್ರೆ ಒಂದೊಂದು ಚೂರೂ ಒಂದು ನಿಮಿಷ. ನಿಮ್ಮ ಪರದೆ ಅದನ್ನ ದಶಮಾಂಶದಲ್ಲಿ ಕೇಳುತ್ತೆ. ಮೂವತ್ತು ನಿಮಿಷ ಅಂದ್ರೆ ಎಷ್ಟಾಯ್ತು?”

“ಪಾಯಿಂಟ್ ಮೂವತ್ತು.”

“ಅರವತ್ತರಲ್ಲಿ ಮೂವತ್ತು ಅಂದ್ರೆ ಅರ್ಧ ಅಲ್ವಾ?”

“...ಪಾಯಿಂಟ್ ಐದು.”

“ಅದೇ. ಎಲ್ಲರೂ ಎಡವೋದು ಅಲ್ಲೇ.”

ದಿಂಬಿನ ಕವರುಗಳನ್ನು ಎರಡೆರಡು ಸಲ ಮಡಿಸಿದೆ. ಮಲಗುವವರೆಗೂ ಬಾಯಲ್ಲಿ ಅದೇ. ಹದಿನೈದು ನಿಮಿಷ ಕಾಲು, ನಲವತ್ತೈದು ಮುಕ್ಕಾಲು...

ಜುಲೈ 16

ಇವತ್ತು ಬರೆಯಲೇಬೇಕು.

ಗೋಳವನ್ನು ಹಾಳೆಯ ಮೇಲೆ ಹರಡುವ ಪಾಠ. ಅದಕ್ಕೆ ಪ್ರಕ್ಷೇಪ ಎನ್ನುತ್ತಾರಂತೆ. ಗೋಡೆಯ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದು. ನಿಜವಾಗಿ ಆಫ್ರಿಕಾ ಹತ್ತು ಪಟ್ಟಿಗೂ ಮಿಕ್ಕಿ ದೊಡ್ಡದು. ರೇಡಿಯೋ ರೇಗಿದ: “ಹಾಗಾದ್ರೆ ಇಷ್ಟು ದಿನ ಗೋಡೆ ಮೇಲೆ ಸುಳ್ಳು ನೇತುಹಾಕಿದ್ವಾ?”

“ಸುಳ್ಳಲ್ಲ. ಆಕಾರ ಕಾಪಾಡೋಕೆ ಹೋದ್ರೆ ಗಾತ್ರ ಕೆಡುತ್ತೆ. ಗಾತ್ರ ಕಾಪಾಡಿದ್ರೆ ಆಕಾರ ಎಳೆದಾಡಿದ ಹಾಗಾಗುತ್ತೆ. ಎರಡೂ ಒಟ್ಟಿಗೆ ಸಿಗಲ್ಲ.”

ಯಾರ ಮುಖದಲ್ಲೂ ಬೆಳಕಿಲ್ಲ. ನನ್ನ ಬಾಯಿ ತಾನಾಗಿ ತೆರೆಯಿತು.

“ಬ್ಲೌಸ್ ಹೊಲಿದ ಹಾಗೆ.”

ಎಲ್ಲರೂ ತಿರುಗಿದರು. ಇನ್ನು ನುಂಗಲಾಗದು. ಹೇಳಿಬಿಟ್ಟೆ. ಬಟ್ಟೆ ಚಪ್ಪಟೆ, ಮೈ ಗುಂಡಗೆ. ಅದಕ್ಕೇ ಟಕ್ಸ್ ಹಿಡಿಯುತ್ತೇವೆ. ಅಲ್ಲಲ್ಲಿ ಬಟ್ಟೆ ಮಡಿಸಿ ಹೊಲಿದರೇ ಅದು ಮೈಗೆ ಕೂರುವುದು. ಆ ಹೊಲಿಗೆ ಬಿಚ್ಚದೆ ಬ್ಲೌಸನ್ನು ಇಸ್ತ್ರಿ ಮೇಜಿನ ಮೇಲೆ ಚಪ್ಪಟೆ ಮಾಡಿ ನೋಡಿ. ಒಂದು ಕಡೆ ಉಬ್ಬುತ್ತದೆ, ಇಲ್ಲ ಸುಕ್ಕು ಬೀಳುತ್ತದೆ, ಇಲ್ಲ ಎಳೆದರೆ ಹರಿಯುತ್ತದೆ.

ಸೊಸೆ ಚಾಕ್ ಎತ್ತಿಕೊಂಡಳು. ಆಮೇಲೆ ತಿರುಗಿ ಬೋರ್ಡಿನ ಮೇಲೆ ಬ್ಲೌಸ್ ಬರೆದಳು. ತೋಳು ಸೊಟ್ಟ. ಚಿತ್ರ ಅವಳಿಗೆ ಬರುವುದಿಲ್ಲ.

“ನಾನು ಇನ್ಮೇಲೆ ಎಲ್ಲಿ ಪಾಠ ಮಾಡಿದ್ರೂ ಇದನ್ನೇ ಹೇಳ್ತೀನಿ,” ಎಂದಳು. “ಥ್ಯಾಂಕ್ಸ್ ಮೇಡಂ.”

ಮೇಡಂ! ದಾರಿಯುದ್ದಕ್ಕೂ ಕಾಲು ನೆಲದ ಮೇಲಿರಲಿಲ್ಲ. ಇಟ್ಟುಕೊಂಡಿದ್ದ ಅರ್ಧ ಸಿಟ್ಟು ಎಲ್ಲಿ ಹೋಯಿತೋ.

ಆಗಸ್ಟ್ 2

ಪಾಸು. ಮೊದಲನೆಯವಳಲ್ಲ, ಕೊನೆಯವಳೂ ಅಲ್ಲ. ಸ್ಟೋರ್‌ರೂಮಿನ ಜಿರಲೆಗಳಿಗೆ ನನ್ನ ಯೋಗ ಇಲ್ಲ.

ಆಗಸ್ಟ್ 20, ಬೆಳಗ್ಗೆ

ನಿನ್ನೆ ಬರೆಯಲಾಗಲಿಲ್ಲ. ಈಗ ಬರೆಯುತ್ತೇನೆ.

ಸಂಜೆ ಪಾಳಿ. ದಟ್ಟ ಮಂಜು. ಕರೆ ಬಂದದ್ದು ರೇಡಿಯೋಗೆ. ಒಬ್ಬಳು ಹೆಂಗಸು, ವ್ಯಾನ್ ರಸ್ತೆಯಿಂದ ಜಾರಿ ಕೆಳಗಿಳಿದಿದೆ, ಜೊತೆಗಿದ್ದ ಅಪ್ಪನ ಕಾಲು ಸಿಕ್ಕಿಕೊಂಡಿದೆ, ರಕ್ತ. ಎಲ್ಲಿದ್ದಾರೋ ಅವಳಿಗೇ ಗೊತ್ತಿಲ್ಲ. ದಾರಿ ತಪ್ಪಿ ಬಂದವರು. ಫೋನಿನಲ್ಲಿ ನಕ್ಷೆ ತೆರೆಯುತ್ತಿಲ್ಲ. ಅಪ್ಪನ ಹಳೆಯ ಜಿಪಿಎಸ್ ಯಂತ್ರ ಇತ್ತು, ಅದರಲ್ಲಿದ್ದ ಅಂಕಿಗಳನ್ನು ಒಂದೇ ಉಸಿರಿಗೆ ಓದಿದಳು. ರೇಡಿಯೋ ಹಾಕಿದ. ಪರದೆಯ ಚುಕ್ಕೆ ಹೋಗಿ ದೊಡ್ಡ ಕೆರೆಯ ನಟ್ಟನಡುವೆ ಕೂತಿತು.

ಮೇಲ್ವಿಚಾರಕರು ಬಂದರು. “ಗಾಬರೀಲಿ ಒಂದಂಕಿ ತಪ್ಪು ಓದಿರ್ತಾಳೆ. ಕೆರೆ ದಂಡೆಗೇ ಕಳಿಸಿ, ಹುಡುಕಲಿ.” ಗಾಡಿ ಹೊರಟಿತು.

ನಾನು ನನ್ನ ಹೆಡ್‌ಫೋನಿನಲ್ಲಿ ಅದೇ ಕರೆಗೆ ಸೇರಿಕೊಂಡೆ. ಅವಳು ಅಳುತ್ತ ಹೇಳುತ್ತಿದ್ದಳು: ಏರು ದಾರಿ, ಕಿವಿ ಗಪ್ ಅಂದಿತ್ತು... ಕೆರೆಯ ಸುತ್ತ ಎಲ್ಲಿದೆ ಏರು? ಅಲ್ಲಿ ತಟ್ಟೆಯಂಥ ಬಯಲು.

ಸೊಸೆಗೆ ಫೋನ್ ಹಚ್ಚಿದೆ. ಸ್ವಿಚ್ ಆಫ್. ಬೇರೆ ಕಡೆ ಪಾಠದಲ್ಲಿದ್ದಳು. ಸರಿ... ನಾನೇ.

“ಅಮ್ಮಾ, ಅಳಬೇಡ, ಒಂದು ಕೆಲಸ ಮಾಡು. ಆ ಯಂತ್ರದಲ್ಲಿ ಮೊದಲ್ನೇ ಸಾಲು ನೋಡು. ಮೊದಲ ಅಂಕಿ ಆದ್ಮೇಲೆ ತಲೆ ಹತ್ರ ಪುಟ್ಟ ಸೊನ್ನೆ ಇದೆಯಾ?”

“ಇದೆ...”

“ಆಮೇಲೆ ನಲವತ್ತೆರಡು. ಪಾಯಿಂಟಿನ ಚುಕ್ಕೆ ಎಲ್ಲಿದೆ? ನಲವತ್ತೆರಡಕ್ಕೆ ಮುಂಚೇನಾ, ಆದ್ಮೇಲಾ?”

“ಆದ್ಮೇಲೆ.”

ಅದು ನಿಮಿಷ! ರೇಡಿಯೋ ಅದನ್ನು ಪಾಯಿಂಟ್ ನಲವತ್ತೆರಡು ಎಂದು ಹಾಕಿದ್ದ. ಅರವತ್ತರಲ್ಲಿ ನಲವತ್ತೆರಡು ಅಂದರೆ ಪಾಯಿಂಟ್ ಏಳು. ಎರಡನೆಯ ಸಾಲೂ ಹಾಗೇ. ಅಲ್ಲಿ ಮೂವತ್ತು, ಅಂದರೆ ಅರ್ಧ. ಪಾಯಿಂಟಿನ ಆಚೆಯ ಚಿಲ್ಲರೆಯನ್ನೂ ಅರವತ್ತರಿಂದ ಭಾಗಿಸಿ, ತಿದ್ದಿ ಹಾಕಿದೆ. ಪರದೆಯ ಚುಕ್ಕೆ ಕೆರೆಯಿಂದೆದ್ದು, ಬಯಲು ಹಾರಿ, ಬೆಟ್ಟದ ರಸ್ತೆಯ ಒಂದು ತಿರುವಿಗೆ ಹೋಗಿ ಕೂತಿತು. ಮೂವತ್ತು ಚಿಲ್ಲರೆ ಕಿಲೋಮೀಟರ್ ಆಚೆ.

“ಗಾಡಿ ತಿರುಗಿಸಿ ಸಾರ್. ಬೆಟ್ಟಕ್ಕೆ.”

“ತಪ್ಪಾದ್ರೆ ಅಕ್ಕಾ?”

“ನನ್ನ ತಲೆ ಮೇಲೆ.”

“ತಲೆ ನಿಮ್ಮದು. ಜೀವ ಅವರದ್ದು.”

ಅವರ ಮಾತು ಸುಳ್ಳಲ್ಲ. ನಕ್ಷೆಯನ್ನು ಇನ್ನಷ್ಟು ಹಿಗ್ಗಿಸಿದೆ. ಆ ತಿರುವಿನ ಕೆಳಗೆ ಸಣ್ಣ ನೀಲಿ ಗೆರೆ.

“ಅಮ್ಮಾ, ಒಂದು ಗಳಿಗೆ ಅಳು ನಿಲ್ಸಿ ಕೇಳಿಸ್ಕೋ. ಹತ್ರದಲ್ಲಿ ನೀರು ಹರಿಯೋ ಸದ್ದಿದೆಯಾ?”

ಮೈಯೆಲ್ಲ ಕಿವಿಯಾಗಿ ಕೂತೆ.

“ಇದೆ! ಕೆಳಗಡೆ... ಹಳ್ಳ ಇರಬೇಕು. ನಿಮಗೆ ಹೇಗೆ ಗೊತ್ತಾಯ್ತು?”

ಮೇಲ್ವಿಚಾರಕರು ಸ್ಪೀಕರಿನಲ್ಲಿ ಕೇಳಿಸಿಕೊಂಡಿದ್ದರು. ಆಗಲೇ ವೈರ್‌ಲೆಸ್ಸಿಗೆ ಕೂಗುತ್ತಿದ್ದರು. ಬೆಟ್ಟದ ಬುಡದ ಆಂಬುಲೆನ್ಸ್ ನಿಲ್ದಾಣದಿಂದ ಇನ್ನೊಂದು ಗಾಡಿ ಹೊರಟಿತು. ಅದು ತಲುಪುವವರೆಗೂ ಅವಳ ಜೊತೆ ಮಾತಾಡುತ್ತಲೇ ಇದ್ದೆ: ಗಾಯದ ಮೇಲೆ ದುಪಟ್ಟಾ ಒತ್ತಿ ಹಿಡಿ, ಅಪ್ಪನಿಗೆ ನಿದ್ದೆ ಮಾಡಲು ಬಿಡಬೇಡ, ಏನಾದರೂ ಕೇಳುತ್ತಿರು. ಆ ಅಪ್ಪ ಮಗಳ ಡ್ರೈವಿಂಗನ್ನು ಬೈಯತೊಡಗಿದರು. ಬೈಗುಳ ಕೇಳಿ ಇಷ್ಟು ಸಂತೋಷ ನನಗೆಂದೂ ಆಗಿಲ್ಲ.

ಕಡೆಗೆ ಸೈರನ್. ಅವಳ ಫೋನಿನೊಳಗಿಂದಲೇ ಕೇಳಿಸಿತು. ಹೆಡ್‌ಫೋನ್ ತೆಗೆದಿಟ್ಟೆ. ರೇಡಿಯೋ ನೀರು ತಂದು ಕೊಟ್ಟ.

“ಅಕ್ಕಾ, ನಾನು...”

“ಎಲ್ಲರೂ ಎಡವೋದು ಅಲ್ಲೇ ಕಣೋ,” ಎಂದೆ. ಅದು ನನ್ನ ಮಾತಲ್ಲ. ಯಾರದ್ದೆಂದು ಹೇಳಲಿಲ್ಲ.

ಅದೇ ದಿನ, ಸಂಜೆ

ಆಸ್ಪತ್ರೆಯಿಂದ ಸುದ್ದಿ. ಕಾಲು ಉಳಿಯಿತು. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಸೊಸೆ ಚಪ್ಪಲಿ ಕೂಡ ಬಿಡದೆ ಒಳಗೆ ಬಂದು ಎದುರು ನಿಂತಳು. ಗಟ್ಟಿಯಾಗಿ ಅಪ್ಪಿಕೊಂಡಳು. ಮದುವೆಯಾಗಿ ಬಂದ ಮೇಲೆ ಇದೇ ಮೊದಲು.

“ನೀನು ಕಲಿಸಿದ್ದು,” ಎಂದೆ.

“ಎಲ್ಲರಿಗೂ ಕಲಿಸಿದ್ದೆ ಅತ್ತೆ. ಹಳ್ಳದ ಸದ್ದು ಕೇಳು ಅಂತ ನಾನೆಲ್ಲಿ ಕಲಿಸಿದ್ದೆ?”

ಆಗಸ್ಟ್ 27

ಮೀಟಿಂಗ್. ಮೇಲ್ವಿಚಾರಕರು ಎಲ್ಲರೆದುರು ಹೇಳಿದರು: ಇನ್ನು ಅಂಕಿ ಬಂದರೆ ಮೊದಲು ಪಾಯಿಂಟಿನ ಚುಕ್ಕೆ ಎಲ್ಲಿದೆ ಎಂದು ಕೇಳಬೇಕು, ಅಕ್ಕ ಕೇಳಿದ ಹಾಗೆ. ಸೊಸೆಯನ್ನೂ ಕರೆಸಿದ್ದರು. ಚಪ್ಪಾಳೆ ನಿಂತ ಮೇಲೆ ಎದ್ದಳು.

“ಒಂದು ವಿಷಯ ಮುಚ್ಚಿಟ್ಟಿದ್ವಿ. ಇವರು ನಮ್ಮತ್ತೆ.”

ರೇಡಿಯೋ ಕುರ್ಚಿಯಿಂದ ಎದ್ದೇಬಿಟ್ಟ: “ಇಷ್ಟು ದೊಡ್ಡ ಸುದ್ದಿ ನನಗೇ ಗೊತ್ತಾಗ್ಲಿಲ್ವಲ್ಲ!”

ನಕ್ಕು ನಕ್ಕು ಕಣ್ಣಲ್ಲಿ ನೀರು. ನಕ್ಕಿದ್ದಕ್ಕೇ ಬಂತು ಎಂದು ಬರೆದಿಡುತ್ತೇನೆ.

ಸೆಪ್ಟೆಂಬರ್ 30, ಬೆಳಗ್ಗೆ

ಅಗ್ನಿಶಾಮಕ ಠಾಣೆಯ ಕಾರಿಡಾರ್. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಇಲ್ಲಿನವರಿಗೆ ನಕ್ಷೆಯ ತರಬೇತಿ. ಸೊಸೆಗೆ ಇವತ್ತು ಬೇರೆ ಕಡೆ ಸರ್ವೆ. ತನ್ನ ಬದಲಿಗೆ ಯಾರನ್ನು ಕಳಿಸಬೇಕೆಂದು ಅವಳ ಆಫೀಸಿನಲ್ಲಿ ಕೇಳಿದಾಗ, ಎರಡನೇ ಮಾತಿಲ್ಲದೆ ನನ್ನ ಹೆಸರು ಕೊಟ್ಟಳಂತೆ. ಮಗ ಬೈಕಿನಲ್ಲಿ ಬಿಟ್ಟುಹೋದ. ಹೊರಡುವಾಗ “ಅಮ್ಮ, ಜೋರಾಗಿ ಮಾತಾಡು” ಎಂದ. ಇಷ್ಟು ವರ್ಷ ಮೆಲ್ಲಗೆ ಮಾತಾಡು ಎನ್ನುತ್ತಿದ್ದವನು.

ಒಳಗೆ ಕುರ್ಚಿ ಎಳೆಯುವ ಸದ್ದು. ದಪ್ಪ ಬೂಟು, ದಪ್ಪ ಮೀಸೆ, ಒಬ್ಬರಿಗಿಂತ ಒಬ್ಬರು ಎತ್ತರ. ಈಗಷ್ಟೇ ಒಬ್ಬರು ಬಾಗಿಲಿಂದ ತಲೆ ಹಾಕಿ ಕೇಳಿದರು:

“ಅಮ್ಮಾ, ಇವತ್ತು ಪಾಠ ಮಾಡೋ ಮೇಡಂ ಬಂದ್ರಾ?”

“ಬಂದಿದ್ದಾರೆ.”

“ಹೌದಾ? ಎಲ್ಲಿ?”

ಈ ಸಾಲು ಮುಗಿಸಿ ಏಳುತ್ತೇ—