ನಡುಹಗಲಿನ ಬೊಂಬೆಯ ಮುಖ

ಕೈಫೆಂಗ್, ಹನ್ನೆರಡನೆಯ ತಿಂಗಳ ಎಂಟನೆಯ ದಿನ

ಮಗಳೇ ಸುಯಿನ್,

ಹಾಂಗ್‌ಝೌನಲ್ಲಿ ನೀನೂ ಅಳಿಯಂದಿರೂ ಕ್ಷೇಮವೆಂದು ನಂಬಿದ್ದೇನೆ. ಪತ್ರ ತಡವಾಯಿತು, ಬೇಸರಿಸಬೇಡ. ಕಾಲುವೆ ಹೆಪ್ಪುಗಟ್ಟಿ ದೋಣಿಗಳು ನಿಂತಿವೆ. ಇದು ರೇಷ್ಮೆ ವ್ಯಾಪಾರಿಯೊಬ್ಬನ ಕತ್ತೆಯ ಮೇಲೆ ಬರುತ್ತಿದೆ. ಇನ್ನೊಂದು ಕಾರಣವೂ ಇದೆ, ಕೊನೆಗೆ ಹೇಳುತ್ತೇನೆ.

ಅರಮನೆಯ ನೀರಿನ ಗಡಿಯಾರದ ಮರದ ಮಾದರಿ ಮುಗಿಯಿತು. ಇದು ಒಪ್ಪಿಗೆಯಾದರೆ ಚಕ್ರಗಳನ್ನು ಕಂಚಿನಲ್ಲಿ ಎರೆಯುತ್ತಾರೆ, ಬೊಂಬೆಗಳು ಮರದವೇ ಉಳಿಯುತ್ತವೆ. ಅಂಚಿನ ಬಟ್ಟಲುಗಳಲ್ಲಿ ನೀರು ತುಂಬಿದಂತೆ ಚಕ್ರ ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತದೆ. ಒಂದೊಂದು ಹೊತ್ತಿಗೂ ಒಬ್ಬೊಬ್ಬ ಅಧಿಕಾರಿಯ ಬೊಂಬೆ ಕಿರುಬಾಗಿಲಿಗೆ ಬಂದು ಹೊತ್ತಿನ ಫಲಕ ತೋರಿಸುತ್ತದೆ. ಲೆಕ್ಕವೆಲ್ಲ ಯಾನ್ ಮಂತ್ರಿಗಳದು. ಅವರಿಗೆ ನಕ್ಷತ್ರವೂ ಗೊತ್ತು, ಗಿಡಮೂಲಿಕೆಯೂ ಗೊತ್ತು; ನಿನ್ನಮ್ಮನ ಕೆಮ್ಮಿಗೆ ಬೇರು ಕಳಿಸುತ್ತಿದ್ದವರೂ ಅವರೇ. ಬೊಂಬೆಗಳು ಮಾತ್ರ ನನ್ನವು. ಬೀದಿಯಲ್ಲಿ ಆಟಿಕೆ ಕೂಗಿ ಮಾರುತ್ತಿದ್ದವನಿಗೆ ಇದು ನಷ್ಟದ ಬಾಬತ್ತಲ್ಲ.

ನಡುಹಗಲಿಗೆ ಬರುವ ಬೊಂಬೆಗೆ ನಿನ್ನಮ್ಮನ ಮುಖ ಕೆತ್ತಿದ್ದೆ. ನನ್ನನ್ನು ಊಟಕ್ಕೆ ಕರೆಯಲು ಅವಳು ಬಾಗಿಲಿಗೆ ಬರುತ್ತಿದ್ದ ಹೊತ್ತದು. ಹಾಸಿಗೆಯಲ್ಲೇ ಎದ್ದು ಕೂತು ನೋಡಿ, "ಮೂಗು ದಪ್ಪ ಆಯ್ತು ಕಣ್ರೀ. ಇಷ್ಟು ವರ್ಷದ ಸಿಟ್ಟೆಲ್ಲ ಅಲ್ಲೇ ತೀರಿಸ್ಕೊಂಡ್ರಾ?" ಅಂದಿದ್ದಳು.

ಮೊನ್ನೆ ತಪಾಸಣೆಗೆ ಬಂದ ಅಧಿಕಾರಿ ಸರಿಯಾಗಿ ಅದರೆದುರೇ ನಿಂತ.

"ಏನಯ್ಯಾ, ಎಲ್ಲರಿಗೂ ಗಡ್ಡ ಇದೆ, ಇವನಿಗ್ಯಾಕಿಲ್ಲ?"

"ಚಿಕ್ಕ ವಯಸ್ಸಲ್ಲೇ ಪರೀಕ್ಷೆ ಗೆದ್ದು ಅಧಿಕಾರಿಯಾದವನು ಸ್ವಾಮಿ."

"ಹೆಂಗಸಿನ ಮುಖ ಇದ್ದಂಗಿದೆ. ಒಲೆಗೆ ಹಾಕಿ ಬೇರೆ ಕೆತ್ತು."

ಜೊತೆಗಿದ್ದ ಯಾನ್ ಮಂತ್ರಿಗಳು ಬೊಂಬೆಯನ್ನು ನೋಡಿದರು, ನನ್ನನ್ನೂ ನೋಡಿದರು. "ಬೊಂಬೆ ತೂಕ ಬದಲಾದ್ರೆ ನಡುಹಗಲೇ ತಪ್ಪುತ್ತೆ. ಚಕ್ರವರ್ತಿಗಳ ಊಟ ತಡವಾದ್ರೆ ಉತ್ತರ ನೀವು ಕೊಡ್ತೀರಾ?"

ಅಧಿಕಾರಿ ಕೆಮ್ಮಿ ಮುಂದಕ್ಕೆ ಹೋದ. ತೂಕದ ಮಾತು ಸುಳ್ಳೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಮುಖ ಉಳಿಯಿತು.

ಮೈ ಬೆಚ್ಚಗಿಟ್ಟುಕೋ, ಬಿಸಿ ಗಂಜಿ ಕುಡಿ. ಹೆರಿಗೆ ಸುಸೂತ್ರವಾಗಲಿ, ಮಗು ನೂರು ವರ್ಷ ಬಾಳಲಿ.

ನಿನ್ನ ತಂದೆ,
ಗೆಂಗ್ ಬೋಶಿ

ಮತ್ತೆ: ನಿನ್ನಮ್ಮ ಹತ್ತನೆಯ ತಿಂಗಳಲ್ಲೇ ತೀರಿಕೊಂಡಳು. ಆಗಲೇ ಬರೆದಿದ್ದರೆ ಬಸುರಿನಲ್ಲೂ ನೀನು ದೋಣಿ ಹತ್ತಿ ಹೊರಟುಬಿಡುತ್ತಿದ್ದೆ; ಈಗ ದೋಣಿಗಳೇ ಇಲ್ಲ. ಶೋಕದ ಬಿಳಿ ಉಟ್ಟವರನ್ನು ಅರಮನೆಯೊಳಗೆ ಬಿಡುವುದಿಲ್ಲ; ನನ್ನ ಜಾಗಕ್ಕೆ ಬಂದವನು ಆ ಮುಖಕ್ಕೆ ಗಡ್ಡ ಅಂಟಿಸುತ್ತಿದ್ದ. ಅದಕ್ಕೇ ಯಾರಿಗೂ ಹೇಳದೆ ನೀಲಿ ಬಟ್ಟೆಯಲ್ಲೇ ಕೆಲಸಕ್ಕೆ ಹೋದೆ. ಮಂತ್ರಿಗಳು ಬೇರು ಕಳಿಸುವುದನ್ನು ಆ ತಿಂಗಳೇ ನಿಲ್ಲಿಸಿದ್ದರೆಂಬುದು ನನಗೆ ಈಗ ಹೊಳೆಯುತ್ತಿದೆ. ಕೆಲಸ ಮುಗಿಯಿತು, ಇಂದು ಬಿಳಿ ಉಟ್ಟಿದ್ದೇನೆ. ಅವಳು ಅರಮನೆಯ ಗಡಿಯಾರದಲ್ಲಿ ದಿನವೂ ನಡುಹಗಲಿಗೆ ಬಾಗಿಲಿಗೆ ಬರುತ್ತಾಳೆ. ಒಳಗೆ ಹೋಗಲು ಇನ್ನು ನನಗೆ ಅಪ್ಪಣೆಯಿಲ್ಲ.