ಬೀಜಾಡಿಯಲ್ಲಿ ಕಾಣೆಯಾದ ಐನೊ

ಅಕ್ಕಾ,

ಕೋಟೇಶ್ವರದ ಅಂಚೆ ಕಚೇರಿಯ ಮುಂದೆ ನಿಂತೇ ಬರೆಯುತ್ತಿದ್ದೇನೆ. ಫಿನ್ಲೆಂಡಿನಿಂದ ಬಂದ ಆರು ವಿದ್ಯಾರ್ಥಿಗಳಿಗೆ ನಮ್ಮ ದೇಶ ತೋರಿಸು ಎಂದು ಕಾಲೇಜಿನವರು ಕಳಿಸಿದರಲ್ಲ, ಗದಗಿನಲ್ಲಿ ಬೆಳೆದ ನಾನು ಕಡಲು ನೋಡಿದ್ದೇ ನಿನ್ನೆ.

ಇವತ್ತು ಬೆಳಗ್ಗೆ ಬೀಜಾಡಿಯ ದಡದಲ್ಲಿ ಎಣಿಸಿದರೆ ಐದೇ ಜನ. ಐನೊ ಎಂಬ ಹುಡುಗಿ ಇಲ್ಲ. ದಡದುದ್ದಕ್ಕೂ ಅವಳ ಹೆಸರು ಕೂಗುತ್ತ ಹುಡುಕಿದೆ. ಕೊನೆಗೆ ಕಂಡಳು: ಸೊಂಟದವರೆಗಿನ ನೀರಿನಲ್ಲಿ ನಿಂತು, ಮೀನುಗಾರರ ಸಾಲಿನಲ್ಲಿ ಒಬ್ಬಳಾಗಿ, ಬಲೆಯ ಹಗ್ಗ ಎಳೆಯುತ್ತಿದ್ದಳು. ಓಡಿಹೋಗಿ ಅವಳ ತೋಳು ಹಿಡಿದು ಜಗ್ಗಿದೆ. ಹಿಂದಿದ್ದ ಮುದುಕರೊಬ್ಬರು ಗದರಿದರು: "ಹ್ವಾಯ್, ಬಲಿ ದಡಕ್ಕೆ ಬಪ್ಪತನ್ಕ ಕೈ ಬಿಡುಕಾಗ! ನಿಂತ್ಕಂಡ್ ಎಂತ ಕಾಂತ್ರಿ? ನೀವೂ ಹಿಡ್ಕಣಿ."

ಬಲೆ ದಡ ಮುಟ್ಟುವವರೆಗೆ ಯಾರೂ ಕೈ ಬಿಡಬಾರದಂತೆ. ಹೆದರಿ ನಾನೂ ಹಗ್ಗ ಹಿಡಿದೆ. ಅರ್ಧ ಗಂಟೆ ಎಳೆದೆವು. ಅಂಗೈ ಸುಲಿದಿದೆ, ಕೊಬ್ಬರಿ ಎಣ್ಣೆ ಹಚ್ಚಿದ್ದೇನೆ, ಜ್ವರವೇನೂ ಇಲ್ಲ. ಹಗ್ಗ ಮುಟ್ಟಿದವರಿಗೆಲ್ಲ ಮೀನಿನಲ್ಲಿ ಪಾಲು ಕೊಡುವುದು ಇಲ್ಲಿಯ ರೂಢಿಯಂತೆ. "ಬ್ಯಾಡ್ರಿ ಅಜ್ಜಾರ" ಎಂದರೂ ಕೇಳಲಿಲ್ಲ. "ಎಳ್ದ್ ಮೇಲೆ ಪಾಲ್ ಬ್ಯಾಡ ಅಂದ್ರ್ ಹ್ಯಾಂಗೆ!" ಎಂದು ನನ್ನ ದುಪಟ್ಟಾದಲ್ಲೇ ಬಂಗುಡೆ ಸುರಿದರು. ಹೋಟೆಲಿನ ಅಡುಗೆಯವರಿಗೆ ಕೊಟ್ಟೆ, ವಾಸನೆ ಮಾತ್ರ ಹೋಗುತ್ತಿಲ್ಲ. ಮೀನು ಮುಟ್ಟಿದ್ದನ್ನು ಅವ್ವನಿಗೆ ಹೇಳಬೇಡ.

ಈಗ ಆರೂ ಜನ ನಾಳೆ ಬಲೆ ಎಳೆಯಲು ಬರುತ್ತೇವೆಂದು ಅಜ್ಜನಿಗೆ ಮಾತು ಕೊಟ್ಟುಬಿಟ್ಟಿದ್ದಾರೆ. ಅವರು ನೀರಿಗಿಳಿದರೆ ನಾನೇ ಹೊಣೆ ಎಂದು ಕಾಲೇಜಿಗೆ ಸಹಿ ಹಾಕಿ ಕೊಟ್ಟಿದ್ದೇನೆ. ನನಗೆ ಈಜು ಬರುವುದಿಲ್ಲ ಎಂದು ಇನ್ನೂ ಯಾರಿಗೂ ಹೇಳಿಲ್ಲ.

ನೀಲಾ