ಇರ್ವಿನ್‌ನ ಬಲಗಿವಿ

ಮಣ್ಣಗುಡ್ಡ, ಮಂಗಳೂರು
14 ಡಿಸೆಂಬರ್ 2025

ಪ್ರೀತಿಯ ಜಸೀಲಾ,

ಹೇಗಿದ್ದೀ? ಶಾರ್ಜಾದಲ್ಲಿ ಈಗ ಸ್ವಲ್ಪ ತಂಪಾಗಿರಬೇಕು. ಮೂರು ವಾರದಿಂದ ನೀನು "ಶೋ ಹೇಗಿತ್ತು, ಎಂತ ಸುದ್ದಿಯೇ ಇಲ್ಲ" ಎಂದು ಮೆಸೇಜ್ ಹಾಕುತ್ತಲೇ ಇದ್ದೀ. ನಾನು ಒಂದು ನಗುಮುಖ ಕಳಿಸಿ ಸುಮ್ಮನಾಗುತ್ತಿದ್ದೆ. ಕೋಪ ಮಾಡಬೇಡ. ಫೋನಿನಲ್ಲಾದರೆ ನೀನು ನಡುವೆ ಪ್ರಶ್ನೆ ಕೇಳುತ್ತೀ, ನಾನು ಮಾತು ತಪ್ಪಿಸುತ್ತೇನೆ. ಅದಕ್ಕೇ ಈ ಕಾಗದ. ನಿನ್ನ ತಮ್ಮ ಆಶಿಕ್ ಬುಧವಾರ ಹೊರಡುತ್ತಾನಲ್ಲ, ಅವನ ಕೈಯಲ್ಲಿ ಕೊಡುತ್ತೇನೆ.

ಬೆಳಿಗ್ಗೆ ಕುದ್ರೋಳಿಗೆ ಹೋಗಿ ನಿನ್ನ ಉಮ್ಮನನ್ನು ನೋಡಿ ಬಂದೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರಿಗೆ ಎಲ್ಲವೂ ಕಾಣುತ್ತದೆ. "ನಿನ್ನ ತಲೆ ಇಷ್ಟು ಬೆಳ್ಳಗಾದದ್ದು ನನಗೆ ಗೊತ್ತೇ ಇರ್ಲಿಲ್ಲ ಹೇಮಾ" ಎಂದು ನಕ್ಕರು.

ಇನ್ನು ವಿಷಯ. 2001ರಲ್ಲಿ ಸುರತ್ಕಲ್ಲಿನ ಕಾಲೇಜು ಹಬ್ಬದಲ್ಲಿ 'ತುಕ್ಕು' ಬ್ಯಾಂಡನ್ನು ಮೊದಲ ಸಲ ಕೇಳಿದಾಗ ನಮಗಿಬ್ಬರಿಗೂ ಇಪ್ಪತ್ತು. ನಾಲ್ಕು ವರ್ಷಕ್ಕೆ ಅವರು ಜಗಳವಾಡಿ ಬೇರೆಯಾದಾಗ ನೀನು ಎರಡು ದಿನ ಊಟ ಬಿಟ್ಟಿದ್ದೆ. 2014ರಲ್ಲಿ ಮತ್ತೆ ಒಂದಾದರೆಂದು ಕೇಳಿದ್ದೇ ತಡ, ನೀನು ಕೈಗೂಸು ಶೈಮಾಳನ್ನು ಉಮ್ಮನ ಹತ್ತಿರ ಬಿಟ್ಟು ಓಡಿ ಬಂದೆ. 2018ರಲ್ಲಿ ಕರೆಂಟ್ ಹೋಗಿ ನಮ್ಮ ಹಾಡುಗಾರ ಇರ್ವಿನ್ ಮೈಕಿಲ್ಲದೆ ಹಾಡಿದ; ಜೊತೆಗೆ ಕಿರುಚಿ ಮರುದಿನ ನಮ್ಮಿಬ್ಬರ ಗಂಟಲೂ ಕಟ್ಟಿತ್ತು. ನೀನಿಲ್ಲದೆ ನಾನು ಹೋದದ್ದು ಈ ಸಲ ಮಾತ್ರ.

ಶೋಗೆ ಹತ್ತು ದಿನ ಇರುವಾಗ ಇರ್ವಿನ್ ನನ್ನ ಕ್ಲಿನಿಕ್ಕಿಗೆ ಬಂದ. ಕಿವಿ ಪರೀಕ್ಷೆಗೆ. ರೋಗಿಯ ಗುಟ್ಟು ಬರೆಯುತ್ತಿದ್ದಾಳೆ ಎನ್ನಬೇಡ, ಈಗ ಅವನೇ ಎಲ್ಲರಿಗೂ ಹೇಳಿದ್ದಾನೆ.

"ಎಡಗಿವಿ ಹೋಗಿ ಎರಡು ವರ್ಷ ಆಯ್ತು ಮೇಡಂ. ಈಗ ಬಲದ್ದರಲ್ಲೂ ಸೀಟಿ ಹೊಡೆದ ಹಾಗೆ ಆಗ್ತದೆ."

ಪರೀಕ್ಷೆ ಮಾಡಿದೆ. ಬಲಗಿವಿಯೂ ಅಂಚಿಗೆ ಬಂದಿತ್ತು. "ಇನ್ನು ದೊಡ್ಡ ಶಬ್ದ ಬೇಡ. ಸ್ಪೀಕರಿನ ಎದುರು ಎರಡು ಗಂಟೆ ನಿಂತ್ರೆ ಇದೂ ಹೋಗಬಹುದು" ಎಂದೆ.

"ಇದೊಂದು ಶೋ. ಜೋನ್‌ಗೆ ಮಾತ್ರ ಹೇಳ್ಬೇಡಿ. ಗೊತ್ತಾದ್ರೆ ಅವ ಕ್ಯಾನ್ಸಲ್ ಮಾಡ್ತಾನೆ."

ಜೋನ್ ಡ್ರಮ್ ಬಾರಿಸುವವನು, ನಿನಗೆ ಗೊತ್ತುಂಟಲ್ಲ. ರೋಗಿ ಬೇಡ ಎಂದ ಮೇಲೆ ನಾನು ಹೇಳುವಂತಿಲ್ಲ. ವಾದ ಮಾಡಿ ಮಾಡಿ ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಅವನು ಬಲಗಿವಿಗೆ ಶಬ್ದ ತಡೆಯುವ ಪ್ಲಗ್ ಹಾಕಿಕೊಂಡೇ ಹಾಡಬೇಕು. ನಾನು ವೇದಿಕೆಯ ಮುಂದೆ ನಿಲ್ಲುತ್ತೇನೆ. ಏನಾದರೂ ತಪ್ಪಿದ್ದು ಕಂಡು ನಾನು ಎರಡೂ ಕೈ ಎತ್ತಿದರೆ, ಅಲ್ಲಿಗೇ ನಿಲ್ಲಿಸಿ ಕೆಳಗಿಳಿಯಬೇಕು. "ನಿಮ್ಮ ಕೈಯನ್ನೇ ನೋಡ್ತಾ ಇರ್ತೇನೆ" ಎಂದು ಮಾತು ಕೊಟ್ಟ.

ನವೆಂಬರ್ 22, ಶನಿವಾರ ಸಂಜೆ, ಸುರತ್ಕಲ್ಲಿನ ಕಡಲ ಬದಿಯ ಮೈದಾನ. ನಾಲ್ಕು ಹಾಡು ಸರಿಯಾಗಿಯೇ ಹೋಯಿತು. ಐದನೆಯದರಲ್ಲಿ ಸ್ವರ ಜಾರಿತು. ಜೋನ್ ತಲೆ ಎತ್ತಿ ನೋಡಿದ. ಇರ್ವಿನ್ ಕಿವಿಗೆ ಬೆರಳು ಹಾಕಿ ಪ್ಲಗ್ ಕಿತ್ತು ಜೇಬಿಗೆ ತುರುಕಿದ. ಜನ ಅದನ್ನೂ ಸ್ಟೈಲ್ ಎಂದುಕೊಂಡು ಶಿಳ್ಳೆ ಹಾಕಿದರು. ಈ ಹಾಡು ಮುಗಿಯಲಿ, ಕೈ ಎತ್ತುತ್ತೇನೆ ಎಂದುಕೊಂಡೆ. ಆರನೇ ಹಾಡನ್ನು ಅವನು ಡ್ರಮ್ಮಿಗಿಂತ ಒಂದು ಸಾಲು ಮೊದಲೇ ಎತ್ತಿಕೊಂಡ. ಜೋನ್ ಓಡಿ ಹಿಡಿಯುವವನ ಹಾಗೆ ಬಾರಿಸಿದ. "ಇವನಿಗೆ ಸಾಕಾಯ್ತು ಮಾರಾಯ" ಎಂದು ನನ್ನ ಹಿಂದೆ ಯಾರೋ ನಕ್ಕರು. ಅಷ್ಟರಲ್ಲಿ ನೂಕುನುಗ್ಗಲಾಗಿ ನಾನು ಬದಿಗೆ ಸರಿದುಹೋದೆ. ಎಷ್ಟು ತಳ್ಳಿದರೂ ಮುಂದಕ್ಕೆ ಬರಲಾಗಲಿಲ್ಲ.

ಉಳಿದದ್ದು 'ದೋಣಿ ನಂಬರ್ ಏಳು'. ನಮ್ಮ ಹಾಡು. ಅದನ್ನು ಅವನು ಒಂದು ಅಕ್ಷರ ತಪ್ಪದೆ, ತಾಳಕ್ಕೆ ತಾಳ ಕೂಡಿಸಿ ಹಾಡಿದ. ನಾನು ಮುಂದೆ ತಲುಪುವಾಗ ಎಲ್ಲ ಮುಗಿದಿತ್ತು.

ವೇದಿಕೆಯ ಹಿಂದೆ ಅವನು ಒಂದು ಪೆಟ್ಟಿಗೆಯ ಮೇಲೆ ಕೂತಿದ್ದ. "ನೀರು ಬೇಕಾ?" ಎಂದು ಜೋನ್ ಮೂರು ಸಲ ಕೇಳಿದ. ಇರ್ವಿನ್ ಸುಮ್ಮನೆ ನಗುತ್ತಿದ್ದ. ಆಮೇಲೆ ಜೋನ್‌ನ ಮುಖ ನೋಡಿ, ಬೇಕಾದ್ದಕ್ಕಿಂತ ದೊಡ್ಡ ದನಿಯಲ್ಲಿ, "ನನಗೆ ಕೇಳುದಿಲ್ಲ ಜೋನ್" ಎಂದ.

ಜೋನ್ ನನ್ನ ಕಡೆ ತಿರುಗಿದ. "ನಿಮಗೆ ಗೊತ್ತಿತ್ತಾ?"

ಹೌದೆಂದು ತಲೆಯಾಡಿಸಿದೆ.

"ಗೊತ್ತಿದ್ದೂ ನೋಡ್ತಾ ನಿಂತ್ರಾ?"

"ಜನ ಬಿಡ್ಲಿಲ್ಲ" ಎಂದೆ.

ಅಲ್ಲಿಂದ ಆಸ್ಪತ್ರೆ, ಇಂಜೆಕ್ಷನ್, ಮಾತ್ರೆ. ಮೂರು ವಾರದಲ್ಲಿ ನಾಲ್ಕು ಸಲ ಪರೀಕ್ಷೆ ಮಾಡಿದೆ. ಮೊನ್ನೆ ಶುಕ್ರವಾರದ್ದು ಕೊನೆಯದು. ಬಲಗಿವಿ ಹಿಂದೆ ಬರಲಿಲ್ಲ. ಕೇಳುವ ಮೆಷಿನ್ ಹಾಕಿದ್ದೇನೆ, ಹತ್ತಿರ ಕೂತು ನಿಧಾನವಾಗಿ ಮಾತಾಡಿದರೆ ಗೊತ್ತಾಗುತ್ತದೆ. ಗಿಟಾರ್ ತಂದಿದ್ದ. ಒಂದೊಂದೇ ತಂತಿ ಮೀಟಿ, "ಆರೂ ಒಂದೇ ಆಗಿ ಕೇಳ್ತದೆ ಮೇಡಂ, ತಗಡು ಬಡಿದ ಹಾಗೆ" ಎಂದ. ಇನ್ನು ಅವನು ಹಾಡುವುದಿಲ್ಲ. ಅವನಿಲ್ಲದೆ ತುಕ್ಕು ಎಲ್ಲಿಯದು? ಜೋನ್ ಪ್ರತಿ ಸಲ ಅವನನ್ನು ಕರೆದುಕೊಂಡು ಬರುತ್ತಾನೆ. ನನ್ನ ಜೊತೆ ಒಂದು ಮಾತೂ ಆಡುವುದಿಲ್ಲ, ಹೊರಗೆ ಬೈಕಿನ ಹತ್ತಿರವೇ ನಿಂತಿರುತ್ತಾನೆ.

ಶೈಮಾಳ ಪರೀಕ್ಷೆ ಚೆನ್ನಾಗಿ ಆಗಲಿ, ನಾನು ಹರಸಿದ್ದೇನೆಂದು ಹೇಳು. ಇಯರ್‌ಫೋನ್ ಹಾಕಿಕೊಂಡು ಮಲಗಲಿಕ್ಕೆ ಬಿಡಬೇಡ. ನೀವೆಲ್ಲ ಸುಖವಾಗಿರಿ.

ನಿನ್ನ
ಹೇಮಾಕ್ಷಿ

ಮರೆತ ಮಾತು: ಮರೆತದ್ದಲ್ಲ ಜಸೀಲಾ. ಲಕೋಟೆ ಅಂಟಿಸಿ, ಮತ್ತೆ ಒಡೆದೆ. ಜನ ನನ್ನನ್ನು ತಡೆದದ್ದು ಆರನೇ ಹಾಡಿನ ಹೊತ್ತಿಗೆ ಮಾತ್ರ. ಕೊನೆಯ ಹಾಡಿಗೆ ಮೊದಲೇ ನಾನು ವೇದಿಕೆಯ ಮುಂದಿನ ಬೇಲಿಯ ಹತ್ತಿರ ಬಂದಾಗಿತ್ತು, ಅವನಿಂದ ಹತ್ತು ಹೆಜ್ಜೆ. ಅವನು ಮೈಕ್ ಕೆಳಗಿಳಿಸಿ ನನ್ನನ್ನೇ ನೋಡಿದ, ಕಾದ. ಕೈ ಎತ್ತಿದ್ದರೆ ಸಾಕಿತ್ತು. ನನಗೆ ಆ ಹಾಡು ಇನ್ನೊಂದು ಸಲ ಬೇಕಿತ್ತು. ನಾನು ಬೇಲಿಯ ಮೇಲೆ ತಾಳ ಹಾಕಿದೆ. ಅವನು ನನ್ನ ಕೈ ನೋಡುತ್ತ ಪೂರ್ತಿ ಹಾಡಿದ. ತಪ್ಪದೆ ಹಾಡಿದ್ದು ಹಾಗೆ. ಇದನ್ನು ಅವನು ಜೋನ್‌ಗೆ ಹೇಳಿಲ್ಲ. ನಾಳೆ ನಾನೇ ಹೋಗಿ ಹೇಳುತ್ತೇನೆ. ಜೋನ್‌ಗೆ ಹೇಳಲಾಗದ್ದು ಒಂದುಂಟು, ಅದು ನಿನಗೆ ಮಾತ್ರ: ಅವನು ಅಷ್ಟು ಚೆನ್ನಾಗಿ ಯಾವತ್ತೂ ಹಾಡಿರಲಿಲ್ಲ.